ಜಿಲ್ಲೆಯಲ್ಲಿ ಕುಳಿತು ಸಂಶೋಧನೆ ಮಾಡುವವರಿಗೂ ಶಾಂತಿಯ ಹೊಣೆ ಇದೆಯೇ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ಶರಣು. ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಕ್ಷಯರೋಗಿಗಳ ಪೈಕಿ ಯಾರು ಔಷಧಿಯನ್ನು ಅರ್ಧಕ್ಕೆ ಬಿಡುವ ಸಂಭವವಿದೆ ಎಂಬುದನ್ನು ಚಿಕಿತ್ಸೆಯ ಆರಂಭದಲ್ಲೇ ಅಂದಾಜು ಮಾಡುವ ಗಣಕ ಮಾದರಿಯೊಂದನ್ನು ಕಟ್ಟುವುದು ನನ್ನ ವಿಷಯ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಗುಳಿಗೆ ನುಂಗಬೇಕಾಗುತ್ತದೆ. ನಡುವೆ ಬಿಟ್ಟರೆ ರೋಗ ಮರುಕಳಿಸುವುದಷ್ಟೇ ಅಲ್ಲ, ಔಷಧಿಗೆ ಬಗ್ಗದ ಕ್ಷಯವಾಗಿ ಮನೆಯವರಿಗೂ ಹರಡಬಹುದು. ಸುಗ್ಗಿ ಮುಗಿಯುತ್ತಲೇ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ನಮ್ಮ ಭಾಗದ ಜನರಿಗೆ ಈ ಆರು ತಿಂಗಳು ಎಷ್ಟು ಕಷ್ಟದ್ದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಆದ್ದರಿಂದ ಕೆಲಸದ ಉಪಯೋಗದ ಬಗ್ಗೆ ನನಗೆ ಅನುಮಾನವಿಲ್ಲ.

ಆದರೆ ಆ ಮಾದರಿ ಕೊನೆಗೆ ಕೊಡುವುದು ಹೆಸರುಗಳ ಒಂದು ಪಟ್ಟಿಯನ್ನು. ಇಂಥ ಊರಿನ ಇಂಥವರು ರೋಗವನ್ನು ಹರಡಬಹುದಾದವರು ಎಂದು ಓದಿಕೊಳ್ಳಬಹುದಾದ ಪಟ್ಟಿ ಅದು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲಿ ದಾಖಲಾಯಿತು. ಅದೇ ತಿಂಗಳ ಕೊನೆಯ ವಾರದಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಅಂತರ್ಜಾಲದಲ್ಲಿ ಪ್ರಕಟಿಸಿತು. ಅದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಅದಕ್ಕೂ ಮೊದಲು, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದದ್ದನ್ನು ನಾವು ಯಾರೂ ಮರೆತಿಲ್ಲ. ಜನರ ಒಳಿತಿಗೆಂದು ಮಾಡಿದ ಸಾಧನವು ಜನರ ಮೇಲೆಯೇ ತಿರುಗಿದ್ದನ್ನು ಇಷ್ಟು ಹತ್ತಿರದಿಂದ ಕಂಡ ನಾವು, ವಿಜ್ಞಾನಿಯ ಹೊಣೆಯೆಂದರೆ ಅಣುಬಾಂಬು ಮಾಡಿದವರ ಕತೆ ಎಂದಷ್ಟೇ ತಿಳಿದುಕೊಳ್ಳುವುದು ಸರಿಯೇ?

ಹಿರಿಯರೊಬ್ಬರನ್ನು ಕೇಳಿದಾಗ, “ಮಾದರಿ ಮಾಡುವುದು ನಿನ್ನ ಕೆಲಸ, ಅದನ್ನು ಹೇಗೆ ಬಳಸಬೇಕೆಂಬುದು ಇಲಾಖೆಯ ಕೆಲಸ” ಎಂದರು. ಈ ಗೆರೆಯನ್ನು ಅಷ್ಟು ಸುಲಭವಾಗಿ ಎಳೆಯಬಹುದೇ? ಎಳೆಯಲಾಗದಿದ್ದರೆ, ನನ್ನಂಥ ವಿದ್ಯಾರ್ಥಿನಿಯ ಹೊಣೆ ಯಾವ ಹಂತದಲ್ಲಿ ಶುರುವಾಗುತ್ತದೆ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಕಲಬುರಗಿ

ತಂಗಿ, ನಿಮಗೆ ಹಿರಿಯರು ಹೇಳಿದ ಮಾತು ಹೊಸದಲ್ಲ. ಅಮೆರಿಕದ ಲಾಸ್ ಅಲಾಮೊಸ್‌ನಲ್ಲಿ ಬಾಂಬು ಕಟ್ಟುತ್ತಿದ್ದವರಲ್ಲಿ ಬಹಳಷ್ಟು ಮಂದಿ ತಮ್ಮನ್ನು ತಾವು ಸಮಾಧಾನಪಡಿಸಿಕೊಂಡದ್ದು ಇದೇ ಮಾತಿನಿಂದ. ಅವರ ನಡುವೆ ಈ ಗೆರೆಯನ್ನು ಒಪ್ಪದ ಒಬ್ಬರಿದ್ದರು, ಜೋಸೆಫ್ ರಾಟ್‌ಬ್ಲಾಟ್. ಪೋಲೆಂಡಿನ ಯಹೂದಿ. ಹಿಟ್ಲರನ ಕೈಗೆ ಬಾಂಬು ಮೊದಲು ಸಿಕ್ಕೀತೆಂಬ ಭಯದಿಂದಲೇ ಅವರು ಆ ಯೋಜನೆಗೆ ಸೇರಿದ್ದರು. ಜರ್ಮನಿ ಬಾಂಬು ಮಾಡುತ್ತಿಲ್ಲವೆಂಬುದು 1944ರ ಕೊನೆಗೆ ಖಚಿತವಾದಾಗ, ತಾವು ಬಂದ ಕಾರಣವೇ ಇಲ್ಲವಾಯಿತೆಂದು ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲೆ ಅವರು ಏನು ಮಾಡಿದರೆಂಬುದು.

ಅವರು ಭೌತಶಾಸ್ತ್ರವನ್ನು ಬಿಡಲಿಲ್ಲ, ಅದನ್ನು ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂಸ್ ಆಸ್ಪತ್ರೆಗೆ ಒಯ್ದರು. ವಿಕಿರಣ ಜೀವಕೋಶಗಳಿಗೆ ಏನು ಮಾಡುತ್ತದೆಂದು ಅಧ್ಯಯನ ಮಾಡತೊಡಗಿದರು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬು ಸ್ಫೋಟಿಸಿದಾಗ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ 23 ಮಂದಿಯ ಮೇಲೆ ಬಿಳಿಯ ಬೂದಿ ಸುರಿಯಿತು. ಎಲ್ಲರೂ ಕಾಯಿಲೆ ಬಿದ್ದರು. ಅವರಲ್ಲೊಬ್ಬರು ಅದೇ ವರ್ಷ ತೀರಿಕೊಂಡರು. ಆ ಬೂದಿಯನ್ನು ಪರೀಕ್ಷಿಸಿದ್ದ ಜಪಾನಿ ವಿಜ್ಞಾನಿ ಯಸುಶಿ ನಿಶಿವಾಕಿ ಕೊಟ್ಟ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದ ರಾಟ್‌ಬ್ಲಾಟ್, ಅದು ಸರ್ಕಾರ ಜನರಿಗೆ ಸೂಚಿಸುತ್ತಿದ್ದಂಥ “ಶುದ್ಧ” ಬಾಂಬಲ್ಲವೆಂದೂ, ಅದರ ಹೊರಕವಚದ ಯುರೇನಿಯಂ ಕೂಡ ಒಡೆದು ವಿಕಿರಣದ ಧೂಳನ್ನು ಬಹುಪಟ್ಟು ಹೆಚ್ಚಿಸಿತೆಂದೂ ಕಂಡುಕೊಂಡು, ಮರುವರ್ಷ ಪ್ರಕಟಿಸಿಯೇಬಿಟ್ಟರು. ಅವರು ಕದ್ದು ಯಾವ ರಹಸ್ಯವನ್ನೂ ಹೊರಹಾಕಲಿಲ್ಲ. ತಮಗೆ ಗೊತ್ತಿದ್ದ ಶಾಸ್ತ್ರವನ್ನು ಜನರ ಆರೋಗ್ಯದ ಕಡೆಯಿಂದ ಓದಿದರು, ಅಷ್ಟೆ. 1955ರ ಜುಲೈ 9ರಂದು ಅಣ್ವಸ್ತ್ರಗಳ ಅಪಾಯದ ಬಗ್ಗೆ ಎಚ್ಚರಿಸಿ ಲಂಡನ್ನಿನಲ್ಲಿ ಹೊರಬಿದ್ದ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೆ ಸಹಿ ಹಾಕಿದ 11 ಮಂದಿಯಲ್ಲಿ ಅವರೂ ಒಬ್ಬರು. ಅದರಿಂದ 1957ರಲ್ಲಿ ಹುಟ್ಟಿದ, ವಿಜ್ಞಾನಿಗಳ ಪಗ್ವಾಶ್ ಸಮ್ಮೇಳನ ಮೊದಲು ನಡೆಯಬೇಕೆಂದಿದ್ದುದು ನಮ್ಮ ದೆಹಲಿಯಲ್ಲಿ. ಸೂಯೆಜ್ ಬಿಕ್ಕಟ್ಟಿನಿಂದಾಗಿ ಅದು ಕೆನಡಾದ ಪಗ್ವಾಶ್ ಎಂಬ ಹಳ್ಳಿಗೆ ಹೋಯಿತು. 1995ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ರಾಟ್‌ಬ್ಲಾಟ್ ಮತ್ತು ಪಗ್ವಾಶ್ ಸಂಘಟನೆ ಹಂಚಿಕೊಂಡವು. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮುಂದೆ ಅದೇ ಸಂಘಟನೆಯ ಅಧ್ಯಕ್ಷರಾಗಿದ್ದರು.

ಇದಕ್ಕೆ ಜೋಡಿಯಾಗಿ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರ ಕೊನೆಯಿಂದ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಮನೆಮನೆಯಿಂದ ತರಿಸಿ, ಅವುಗಳಲ್ಲಿ ಸ್ಟ್ರಾಂಷಿಯಂ–90 ಎಂಬ ವಿಕಿರಣಶೀಲ ಧಾತು ಎಷ್ಟಿದೆಯೆಂದು ಅಳೆದರು. ಬಾಂಬು ಪರೀಕ್ಷೆಯ ಧೂಳು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಬಂದು, ಕ್ಯಾಲ್ಸಿಯಂನಂತೆಯೇ ಮಗುವಿನ ಎಲುಬು ಹಲ್ಲುಗಳಲ್ಲಿ ಕೂರುತ್ತದೆ. ವೈದ್ಯೆ ಲೂಯಿಸ್ ರೀಸ್ ಅವರ ಮುಂದಾಳತ್ವದಲ್ಲಿ ಹಲ್ಲುಗಳು ಲಕ್ಷಗಟ್ಟಲೆ ಸಂಗ್ರಹವಾದವು. ಪರೀಕ್ಷೆಗಳು ಹೆಚ್ಚಿದಂತೆ ಹಲ್ಲಿನಲ್ಲಿದ್ದ ವಿಷವೂ ಹೆಚ್ಚಿದ್ದು ಕಂಡಿತು. 1963ರಲ್ಲಿ ವಾತಾವರಣದಲ್ಲಿ ಅಣುಪರೀಕ್ಷೆ ನಿಷೇಧಿಸುವ ಒಪ್ಪಂದವಾಗುವ ಹೊತ್ತಿಗೆ ಇಂಥ ಅಂಕಿಗಳು ಜನಾಭಿಪ್ರಾಯವನ್ನು ಸಾಕಷ್ಟು ಬದಲಿಸಿದ್ದವು. ಪರೀಕ್ಷೆ ನಿಲ್ಲಿಸಿ ಎಂದು ನೆಹರೂ 1954ರ ಏಪ್ರಿಲ್‌ನಲ್ಲೇ ಸಂಸತ್ತಿನಲ್ಲಿ ಕೇಳಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಶಾಂತಿಯ ಪರವಾಗಿ ವಿಜ್ಞಾನಿಗಳು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು, ಹಾಲುಹಲ್ಲನ್ನು ಅಳೆಯುವಂಥ, ಯಾವ ಜಿಲ್ಲೆಯ ಕಾಲೇಜಿನಲ್ಲಾದರೂ ಮಾಡಬಹುದಾದ ಸಾರ್ವಜನಿಕ ಆರೋಗ್ಯದ ಕೆಲಸವಾಗಿತ್ತು.

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್, ಮೂಲ ಬೀದರ್, ಈಗ ಹೈದರಾಬಾದ್

ಗುರುಗಳಿಗೆ ನಮಸ್ಕಾರ. ತಾವು ಹೇಳಿದ್ದೆಲ್ಲವನ್ನೂ ಗೌರವದಿಂದ ಓದಿದೆ; ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ ಇದೆ. ರಾಟ್‌ಬ್ಲಾಟ್ ಅವರಿಗೆ ಬಿಟ್ಟು ಹೋದರೆ ಮರಳಲು ಇಂಗ್ಲೆಂಡಿನಲ್ಲಿ ಒಂದು ಕೆಲಸ ಇತ್ತು. ಸಾಲ ಮಾಡಿ ಓದಿ ಮೊದಲ ಉದ್ಯೋಗಕ್ಕೆ ಸೇರಿದ ನಮ್ಮ ಹುಮನಾಬಾದ್, ಔರಾದ್ ಕಡೆಯ ಹುಡುಗನಿಗೆ ಆ ಅನುಕೂಲವಿಲ್ಲ. ಹೊಣೆಯನ್ನು ಒಬ್ಬೊಬ್ಬರ ಆತ್ಮಸಾಕ್ಷಿಗೆ ಮಾತ್ರ ಬಿಟ್ಟರೆ, ಒಬ್ಬ ಹೋದ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಕೆಲಸ ಹಾಗೆಯೇ ನಡೆಯುತ್ತದೆ. ಲಾಸ್ ಅಲಾಮೊಸ್‌ನಲ್ಲೂ ಆದದ್ದು ಅದೇ. ಆದ್ದರಿಂದ ಹೊಣೆ ಸಾಧನದ ಒಳಗೇ, ಅದರ ರಚನೆಯಲ್ಲೇ ಕೂತಿರಬೇಕು ಎಂಬುದು ನನ್ನ ವಾದ.

ಮುರ್ಕಿಯ ಘಟನೆಯನ್ನೇ ನೋಡಿ. ಕಾರಿನಲ್ಲಿದ್ದ ಸ್ನೇಹಿತರಲ್ಲೊಬ್ಬರು ಹಂಡಿಕೇರಾದ ಬಳಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದನ್ನು ಕಂಡು ಸಂಶಯಪಟ್ಟವರು ಅವರ ವಿಡಿಯೊವನ್ನು ಮೊಬೈಲ್ ಮೂಲಕ ಮುಂದಿನ ಊರಿಗೆ ಕಳಿಸಿದರು. ಕಾರು ಮುರ್ಕಿ ತಲುಪುವಷ್ಟರಲ್ಲಿ ಸುದ್ದಿ ಅಲ್ಲಿಗೆ ಬಂದಾಗಿತ್ತು, ರಸ್ತೆ ಬಂದ್ ಆಗಿತ್ತು, ಜನ ಸೇರಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ವರ್ಷ ದೇಶದ ತುಂಬ ಓಡಾಡಿದ ಇಂಥ ವಿಡಿಯೊಗಳಲ್ಲಿ ಒಂದು, ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ್ದ ಚಿತ್ರದಿಂದ ಕತ್ತರಿಸಿ ತೆಗೆದ ತುಣುಕಾಗಿತ್ತು. ಕೊಂದವರು ಮನುಷ್ಯರೇ, ಅವರ ಅಪರಾಧವನ್ನು ಯಂತ್ರದ ಮೇಲೆ ಹಾಕಲು ನಾನು ಸಿದ್ಧನಿಲ್ಲ. ಆದರೆ ಒಂದು ಸಂದೇಶವನ್ನು ಒಂದೇ ಸಲಕ್ಕೆ ಎಷ್ಟು ಗುಂಪುಗಳಿಗೆ ದಾಟಿಸಬಹುದೆಂಬುದು ದೇವರು ಬರೆದದ್ದಲ್ಲ, ಯಾರೋ ಎಂಜಿನಿಯರುಗಳು ಕೂತು ತೀರ್ಮಾನಿಸಿದ ಸಂಖ್ಯೆ. ಮುರ್ಕಿಯ ಸಾವಾದ ಒಂದು ವಾರದೊಳಗೆ ವಾಟ್ಸ್‌ಆ್ಯಪ್ ಭಾರತದಲ್ಲಿ ಅದನ್ನು 5ಕ್ಕೆ ಇಳಿಸುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಬಗೆಗಿನ ಸುಳ್ಳುಗಳು ಹೆಚ್ಚಿದಾಗ, ಹಲವು ಬಾರಿ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಬಹುದೆಂದು ಮಾಡಿತು. ಅದರಿಂದ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿತು. ಇದಕ್ಕೆ ಯಾವ ಹೊಸ ಸಂಶೋಧನೆಯೂ ಬೇಕಿರಲಿಲ್ಲ. ಮೊದಲ ದಿನವೇ ಮಾಡಬಹುದಿತ್ತು. ಯಾರೂ ಆ ಪ್ರಶ್ನೆಯನ್ನು ಮೊದಲ ದಿನ ಕೇಳಿಕೊಳ್ಳಲಿಲ್ಲ, ಕೇಳಿಕೊಂಡಿದ್ದರೂ ಅದಕ್ಕೆ ಬೆಲೆ ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಹೆಣ ಬಿದ್ದ ಮೇಲೆ ಸಿಕ್ಕಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಪಟ್ಟಿಗಳ ವಿಷಯಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ನೆದರ್ಲೆಂಡ್ಸ್ ದೇಶದ ಜನಸಂಖ್ಯಾ ದಾಖಲೆ ಬಹಳ ಅಚ್ಚುಕಟ್ಟಾಗಿತ್ತು. ಪ್ರತಿಯೊಬ್ಬರ ಧರ್ಮವೂ ಅದರಲ್ಲಿತ್ತು, ಆಡಳಿತದ ಅನುಕೂಲಕ್ಕೆಂದು. 1940ರಲ್ಲಿ ಜರ್ಮನರು ಆ ದೇಶವನ್ನು ಆಕ್ರಮಿಸಿದಾಗ ಅದೇ ಅಚ್ಚುಕಟ್ಟುತನ ಯಹೂದಿಗಳನ್ನು ಹುಡುಕಿ ಸಾಗಿಸಲು ನೆರವಾಯಿತು; ಅಲ್ಲಿದ್ದ ಯಹೂದಿಗಳಲ್ಲಿ ಮುಕ್ಕಾಲು ಪಾಲಿನಷ್ಟು ಜನ ಉಳಿಯಲಿಲ್ಲ. 1943ರ ಮಾರ್ಚ್‌ನಲ್ಲಿ ಪ್ರತಿರೋಧದ ತಂಡವೊಂದು ಪ್ರಾಣವನ್ನು ಪಣಕ್ಕಿಟ್ಟು ಆಮ್‌ಸ್ಟರ್‌ಡ್ಯಾಮ್‌ನ ದಾಖಲೆ ಕಚೇರಿಗೆ ಬೆಂಕಿ ಹಚ್ಚಿತು, ಆದರೆ ದಾಖಲೆಗಳ ಒಂದು ಭಾಗ ಮಾತ್ರ ಹಾಳಾಯಿತು. ಆದ್ದರಿಂದ ಮೇಡಂ, ನಿಮ್ಮ ಹೊಣೆ ಶುರುವಾಗುವುದು ಮಾಹಿತಿಯ ಯಾವ ಅಂಕಣಗಳನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಇಟ್ಟುಕೊಳ್ಳಲೇಬಾರದು ಎಂದು ನಿರ್ಧರಿಸುವ ದಿನ. ಸಂಗ್ರಹಿಸದ ಮಾಹಿತಿಯನ್ನು ಯಾವ ಆಡಳಿತವೂ, ಯಾವ ಕಳ್ಳನೂ ಬಳಸಲಾರ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ, ಅಲ್ಲಿನ ಕೆಲಸ ಎಷ್ಟೋ ದಿನ ಕೈಬರಹದಲ್ಲೇ ನಡೆಯಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ, ತಾಲ್ಲೂಕು ಆಸ್ಪತ್ರೆಯ ಒಂದು ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಕಡತ ಭದ್ರವಾಗಿರುತ್ತದೆಂದು ಯಾರು ಹೇಳಬಲ್ಲರು?

ಉತ್ತರ: ಪಶುವೈದ್ಯ, ಬೀದರ್

ನಮ್ಮ ವೃತ್ತಿಯ ಕಡೆಯಿಂದ ಒಂದು ಉದಾಹರಣೆ ಸೇರಿಸುತ್ತೇನೆ. ದನಗಳಿಗೆ ಬರುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ನಮಗೆ ಹಳ್ಳಿಯ ಕಾಯಿಲೆ. ಸತ್ತ ದನವನ್ನು ಕೊಯ್ಯದೆ ಆಳವಾಗಿ ಹೂಳಬೇಕು, ಇಲ್ಲವಾದರೆ ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತದೆ ಎಂದು ರೈತರಿಗೆ ಹೇಳುತ್ತಲೇ ಇರುತ್ತೇವೆ. ಅದೇ ಬೀಜಾಣುವನ್ನು ಸೋವಿಯತ್ ಒಕ್ಕೂಟದ ಸ್ವೆರ್‌ಡ್ಲಾವ್‌ಸ್ಕ್ ನಗರದ ಸೈನಿಕ ಪ್ರಯೋಗಾಲಯ ಅಸ್ತ್ರವಾಗಿ ಬೆಳೆಸುತ್ತಿತ್ತು. ಜೈವಿಕ ಅಸ್ತ್ರಗಳ ನಿಷೇಧ ಒಪ್ಪಂದ 1975ರಿಂದ ಜಾರಿಯಲ್ಲಿತ್ತು, ಸೋವಿಯತ್ ಒಕ್ಕೂಟವೂ ಅದಕ್ಕೆ ಸಹಿ ಹಾಕಿತ್ತು. 1979ರ ಏಪ್ರಿಲ್‌ನಲ್ಲಿ ಅಲ್ಲಿಂದ ಬೀಜಾಣು ಗಾಳಿಗೆ ಸೋರಿ ಕನಿಷ್ಠ 66 ಜನ ಸತ್ತರು. ಕಾಯಿಲೆಯ ಮಾಂಸ ತಿಂದು ಸತ್ತರೆಂದು ಸರ್ಕಾರ ಹೇಳಿತು.

ಸತ್ಯ ಹೊರಬಂದ ರೀತಿ ಪಶುವೈದ್ಯನಾದ ನನಗೆ ಬಹಳ ಮುಖ್ಯವೆನಿಸುತ್ತದೆ. ಅಮೆರಿಕದ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಅವರ ತಂಡ 1990ರ ದಶಕದಲ್ಲಿ ಅಲ್ಲಿಗೆ ಹೋಗಿ, ಸತ್ತವರು ಆ ದಿನ ಹಗಲು ಎಲ್ಲಿದ್ದರೆಂದು ಮನೆಮನೆಗೆ ತೆರಳಿ ಕೇಳಿ ನಕ್ಷೆಯಲ್ಲಿ ಗುರುತು ಮಾಡಿತು. ಗುರುತುಗಳು ಪ್ರಯೋಗಾಲಯದಿಂದ ದಕ್ಷಿಣಕ್ಕೆ ಒಂದು ಕಿರಿದಾದ ಪಟ್ಟಿಯಾಗಿ ಕಂಡವು. ಅದೇ ಗೆರೆಯನ್ನು ಊರಾಚೆಗೆ ಎಳೆದಾಗ ದನಕುರಿಗಳು ಸತ್ತ ಹಳ್ಳಿಗಳು ಸಿಕ್ಕವು. ಆ ದಿನ ಗಾಳಿ ಬೀಸಿದ ದಿಕ್ಕೂ ಅದೇ ಆಗಿತ್ತು. ಅಲ್ಲಿನ ವೈದ್ಯರಿಬ್ಬರು ಮೃತರ ಅಂಗಾಂಶದ ಮಾದರಿಗಳನ್ನು ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಉಳಿಸಿಟ್ಟಿದ್ದರು, ಅವು ಶ್ವಾಸದ ಮೂಲಕ ರೋಗ ಹೊಕ್ಕಿದ್ದನ್ನು ತೋರಿಸಿದವು. ಹಾಗಾಗಿ ಹೊಸದನ್ನು ರಚಿಸುವ ಹಂತದ ಜೊತೆಗೆ ದಾಖಲೆಯನ್ನು ಕಾಪಾಡುವ ಹಂತದಲ್ಲೂ ಹೊಣೆ ಇದೆ. ಏನನ್ನು ಇಟ್ಟುಕೊಳ್ಳಬಾರದೆಂದು ಎಂಜಿನಿಯರ್ ಸಾಹೇಬರು ಹೇಳಿದ್ದು ಸರಿ, ಆದರೆ ಏನನ್ನು ಅಳಿಸಬಾರದೆಂಬ ಪ್ರಶ್ನೆಯೂ ಅಷ್ಟೇ ದೊಡ್ಡದು.

ಇಲ್ಲಿಯೇ ಇರುವ ಒಂದು ಸಂಗತಿ: 1472ರಲ್ಲಿ ಮಹಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾದಲ್ಲಿ ಗಣಿತ, ಖಗೋಳ, ವೈದ್ಯಗಳನ್ನು ಕಲಿಸುತ್ತಿದ್ದರು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಸೈನ್ಯ ಅದರೊಳಗೆ ಸಿಡಿಮದ್ದು ತುಂಬಿಟ್ಟಿತ್ತು. ಅದು ಸಿಡಿದು ಮುಂಭಾಗವೂ ಒಂದು ಮಿನಾರೂ ಬಿದ್ದುಹೋದವು. ಊರಿಗೆ ಬಂದವರಿಗೆ ಆ ಕಟ್ಟಡ ತೋರಿಸುವಾಗ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಉತ್ತರ: ಸಾರ್ವಜನಿಕ ಆರೋಗ್ಯ ವೈದ್ಯೆ, ಯಾದಗಿರಿ

ಎಲ್ಲರ ಮಾತುಗಳನ್ನೂ ಓದಿದೆ. ನಾನು ಪ್ರಶ್ನೆ ಕೇಳಿದವರ ಮಾದರಿಯ ಬಗ್ಗೆಯೇ ಬರೆಯುತ್ತೇನೆ, ಏಕೆಂದರೆ ಅದನ್ನು ನಾಳೆ ಬಳಸಬೇಕಾದವರು ನನ್ನಂಥವರು.

ಔಷಧಿ ಬಿಡುವವರು ಹಟದಿಂದ ಬಿಡುವುದಿಲ್ಲ. ಗುಳಿಗೆಯಿಂದ ಹೊಟ್ಟೆ ತೊಳಸುತ್ತದೆ, ಊಟ ಸಾಲದು, ಕೂಲಿ ತಪ್ಪುತ್ತದೆ, ಗುಳೆ ಹೋದ ಊರಿನಲ್ಲಿ ಆಸ್ಪತ್ರೆ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಒಂದು ಕುಟುಂಬದ ಕೂಲಿಯ ಮುಂದೆ ಅದು ಎಷ್ಟೆಂದು ನೀವೇ ಲೆಕ್ಕ ಹಾಕಿ. ಹೀಗಿರುವಾಗ ನಿಮ್ಮ ಮಾದರಿ “ಇವರು ಬಿಡುತ್ತಾರೆ” ಎಂದು ಹೇಳಿದರೆ ಅದು ಜನರ ಮೇಲೆ ಹೊರಿಸಿದ ಆರೋಪವಾಗುತ್ತದೆ. “ಇವರಿಗೆ ಪುಣೆಯ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಡಬೇಕು”, “ಇವರಿಗೆ ಅಡ್ಡಪರಿಣಾಮ ವಿಚಾರಿಸಬೇಕು” ಎಂದು ಹೇಳಿದರೆ ಅದು ಇಲಾಖೆಗೆ ಕೊಟ್ಟ ಕೆಲಸವಾಗುತ್ತದೆ. ಅದೇ ಅಂಕಿಗಳಿಂದ ಎರಡನ್ನೂ ಮಾಡಬಹುದು. ಯಾವುದನ್ನು ಮಾಡುತ್ತೀರೆಂಬುದು ನಿಮ್ಮ ಕೈಯಲ್ಲಿದೆ, ಇಲಾಖೆಯ ಕೈಯಲ್ಲಿಲ್ಲ. ಆ ಹಿರಿಯರು ಎಳೆದ ಗೆರೆ ನಿಲ್ಲದಿರುವುದು ಇದೇ ಕಾರಣಕ್ಕೆ.

ಇನ್ನೊಂದು ಅಪಾಯವಿದೆ. 2019ರಲ್ಲಿ ಅಮೆರಿಕದ ಸಂಶೋಧಕರು, ಅಲ್ಲಿನ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಗಣಕ ವಿಧಾನವು ರೋಗಿಯ ಅಗತ್ಯವನ್ನು ಅವರ ಮೇಲೆ ಹಿಂದೆ ಆದ ಖರ್ಚಿನಿಂದ ಅಳೆಯುತ್ತಿತ್ತೆಂದು ತೋರಿಸಿದರು. ಕಪ್ಪು ಜನರ ಮೇಲೆ ಮೊದಲಿನಿಂದಲೂ ಕಡಿಮೆ ಖರ್ಚಾಗಿದ್ದರಿಂದ, ಅಷ್ಟೇ ಕಾಯಿಲೆಯಿದ್ದರೂ ಅವರು ಯಂತ್ರದ ಕಣ್ಣಿಗೆ ಆರೋಗ್ಯವಂತರಾಗಿ ಕಂಡರು. ಕೋವಿಡ್ ಎರಡನೆಯ ಅಲೆಯಲ್ಲಿ ನಾವೆಲ್ಲ ನಂಬಿಕೊಂಡಿದ್ದ, ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವ ಹೆಚ್ಚೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಿಮ್ಮ ಮಾದರಿ ಕಲಿಯುವುದು ದಾಖಲೆಯಲ್ಲಿ ಇರುವವರಿಂದ. ತಾಂಡಾದಿಂದ ಆಸ್ಪತ್ರೆಗೆ ಬರದೇ ಹೋದವರು, ರೋಗಪತ್ತೆಗೆ ಮೊದಲೇ ಗುಳೆ ಹೋದವರು ಅದರಲ್ಲಿಲ್ಲ. ಅವರ ಬಗ್ಗೆ ಯಂತ್ರ ಏನನ್ನೂ ಹೇಳದಿರುವುದನ್ನು ಯಾರೂ “ತೊಂದರೆಯಿಲ್ಲ” ಎಂದು ಓದಬಾರದು; ಇದನ್ನು ನಿಮ್ಮ ಪ್ರಬಂಧದ ಮೊದಲ ಪುಟದಲ್ಲೇ ಬರೆಯಿರಿ.

ಜನರಿಗೆ ತಿಳಿಸುವ ವಿಚಾರವನ್ನೂ ಬಿಡಬಾರದು. ನಮ್ಮ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇದ್ದುದು ಪತ್ತೆಯಾಯಿತು. ಒಂದು ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿ ತಜ್ಞರಿಗೆ ಗೊತ್ತು, ಕೊಡ ಹಿಡಿದು ನಿಂತ ಹೆಂಗಸಿಗೆ ಬೇಕಾದದ್ದು ಈ ಬೋರ್‌ವೆಲ್ಲಿನ ನೀರು ಕುಡಿಯಬಹುದೇ ಇಲ್ಲವೇ ಎಂಬ ಉತ್ತರ. ಅಳೆದವರು ಆ ಉತ್ತರವನ್ನು ಅವಳ ಮಾತಿನಲ್ಲಿ ಅವಳಿಗೆ ಕೊಡುವ ತನಕ ಅವರ ಕೆಲಸ ಮುಗಿದಿಲ್ಲವೆಂದೇ ನಾನು ತಿಳಿದಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹೆಸರುಗಳ ಪಟ್ಟಿಯ ಬದಲು ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಕೊಡುವಂತೆ ಮಾದರಿಯನ್ನು ಬದಲಿಸಲು ಮಾರ್ಗದರ್ಶಕರೊಂದಿಗೆ ಮಾತನಾಡಿದ್ದೇನೆ, ಅವರು ಒಪ್ಪಿದ್ದಾರೆ. ಧರ್ಮ, ಜಾತಿಯ ಅಂಕಣಗಳನ್ನು ತೆಗೆಯುತ್ತೇನೆ. ಆದರೆ ಪಶುವೈದ್ಯ ಸರ್ ಅವರ ಮಾತಿನಿಂದ ಒಂದು ಗೊಂದಲ ಉಳಿದಿದೆ: ಆ ಅಂಕಣಗಳನ್ನು ಪೂರ್ತಿ ತೆಗೆದರೆ, ಮಾದರಿ ತಾಂಡಾದವರಿಗೆ ಅನ್ಯಾಯ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಸಾರ್ವಜನಿಕ ಆರೋಗ್ಯ ವೈದ್ಯೆ, ಯಾದಗಿರಿ

ಒಳ್ಳೆಯ ಪ್ರಶ್ನೆ. ಆ ಮಾಹಿತಿಯನ್ನು ಮಾದರಿಯ ಒಳಗೆ ಸೇರಿಸಬೇಡಿ. ಪರೀಕ್ಷೆಗೆ ಮಾತ್ರ, ಹೆಸರು ತೆಗೆದು, ಬೇರೊಬ್ಬರ ಸುಪರ್ದಿನಲ್ಲಿ ಇಡಿಸಿ. ನಿಮ್ಮ ಕೈಗೆ ಒಟ್ಟು ಫಲಿತಾಂಶ ಮಾತ್ರ ಬರಲಿ. ಇದೆಲ್ಲವನ್ನೂ ದತ್ತಾಂಶ ಕೇಳುವ ಮೊದಲೇ ನೈತಿಕತಾ ಸಮಿತಿಯ ಮುಂದಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ, ಆರೋಗ್ಯದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆ ಅದೇ ಮಂಡಳಿ 2023ರಲ್ಲಿ ಹೊರತಂದ ಮಾರ್ಗಸೂಚಿಯೂ ನಿಮ್ಮ ಬೆನ್ನಿಗಿವೆ. ಒಬ್ಬ ವಿದ್ಯಾರ್ಥಿನಿ ಒಂಟಿಯಾಗಿ ಬೇಡವೆನ್ನುವುದು ಕಷ್ಟ, ಸಮಿತಿಯ ಷರತ್ತೆಂದು ಹೇಳುವುದು ಸುಲಭ. ಎಂಜಿನಿಯರ್ ಅವರ ಆತಂಕಕ್ಕೂ ಸ್ವಲ್ಪ ಮಟ್ಟಿಗೆ ಇದೇ ಉತ್ತರ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಮಾತ್ರ ಮುದ್ರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ತಾಂಡಾಗಳಲ್ಲಿ ಲಂಬಾಣಿ, ಗುರುಮಠಕಲ್ ಕಡೆ ತೆಲುಗು, ಆಳಂದದ ಗಡಿಯಲ್ಲಿ ಮರಾಠಿ, ಪೇಟೆಗಳಲ್ಲಿ ಉರ್ದು ಬೇಕಾಗುತ್ತದೆ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಬೇಡವೆಂದರೆ ಚಿಕಿತ್ಸೆಗೆ ಏನೂ ಕೊರತೆಯಾಗದೆಂದು ಮೊದಲ ಸಾಲಿನಲ್ಲೇ ತಿಳಿಸಬೇಕು. ಕರಡು ಸಿದ್ಧವಾದಾಗ ಇಲ್ಲಿಯೇ ಹಾಕಿ. ನಮ್ಮ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ಓದಿಸಿ, ಅವರಿಗೆ ಎಲ್ಲೆಲ್ಲಿ ತೊಡಕಾಗುತ್ತದೆಂದು ಗುರುತು ಹಾಕಿ ಕಳಿಸುತ್ತೇನೆ.